ಸತ್ತವಳ ಹಾಜರಿ

ಹಾಜರಿ ಕೂಗುವಾಗ ನಮ್ಮತ್ತೆ "ಬಂದೇ" ಅನ್ನುತ್ತಿದ್ದದ್ದು ಸತ್ತುಹೋದ ಒಬ್ಬ ಹೆಂಗಸಿನ ನಂಬರಿಗೆ.

ಆಸ್ಪತ್ರೆಯ ಹಿಂದೆ, ಶವಾಗಾರಕ್ಕೂ ಅಡುಗೆಮನೆಗೂ ನಡುವೆ ಒಂದು ಉದ್ದನೆಯ ತಗಡಿನ ಶೆಡ್ಡು. ಅಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಾರೆ. ಒಂದು ಬಾಗಿಲಿನಿಂದ ಕೊಳೆ ಒಳಗೆ ಬರುತ್ತದೆ. ಇನ್ನೊಂದು ಬಾಗಿಲಿನಿಂದ ಬಿಳಿ ಹೊರಗೆ ಹೋಗುತ್ತದೆ. ನಡುವೆ ಹೆಂಗಸರು. ಬೆಳಿಗ್ಗೆ ಮೇಸ್ತ್ರಿ ಕೊಳೆ ಬಾಗಿಲಲ್ಲಿ ನಿಂತು ನಂಬರು ಕೂಗುತ್ತಿದ್ದ. ಹೆಸರು ಕೂಗುವ ಪದ್ಧತಿ ಅಲ್ಲಿರಲಿಲ್ಲ. ಆವಿಗೂ ಬ್ಲೀಚಿಂಗ್ ಪೌಡರಿಗೂ ಅವನ ಮೂಗು ವರ್ಷವಿಡೀ ಕಟ್ಟಿಕೊಂಡಿರುತ್ತಿತ್ತು. ಹಾಗಾಗಿ ನಲವತ್ತೊಂದು ಅನ್ನುವುದು ಅವನ ಬಾಯಲ್ಲಿ "ದಲವತ್ತೊಂದೂ" ಆಗುತ್ತಿತ್ತು.

ನಲವತ್ತೊಂದು ಅಂದರೆ ಗುಂಗುರಕ್ಕ. ಗುಂಗುರು ಕೂದಲಿನವಳು, ಅದಕ್ಕೆ ಆ ಹೆಸರು. ಹಿಂಡುವ ಯಂತ್ರ ಒದ್ದೆ ಬೆಡ್‌ಶೀಟಿನ ಜೊತೆಗೆ ಅವಳ ಕೈಯನ್ನೂ ಎಳೆದುಕೊಂಡಿತು. ಮೊದಲು ಕೈ ಹೋಯಿತು. ಆಮೇಲೆ ನಂಜೇರಿ ಜೀವ ಹೋಯಿತು. ಅದೇ ಆಸ್ಪತ್ರೆಯಲ್ಲಿ, ಪ್ರಾಯಶಃ ಅವಳೇ ಒಗೆದ ಬೆಡ್‌ಶೀಟಿನ ಮೇಲೆ. ಆ ವಾರವೇ ಮೇಸ್ತ್ರಿ ನಮ್ಮತ್ತೆಯನ್ನು ಕರೆದು ಅದೇ ಯಂತ್ರದ ಮುಂದೆ ನಿಲ್ಲಿಸಿದ. ಯಂತ್ರವನ್ನು ಚೆನ್ನಾಗಿ ಒರೆಸಿಟ್ಟಿದ್ದರಂತೆ. ನಿನ್ನ ಹೆಸರೇನು ಅಂತ ಅವನು ಕೇಳಲಿಲ್ಲ. ನಲವತ್ತೊಂದು ಅಂತ ಕೂಗಿದಾಗ ಬಂದೇ ಅನ್ನು, ಅಷ್ಟು ಸಾಕು ಅಂದ.

ಆಗ ನನ್ನ ಗಂಡ ಇನ್ನೂ ಮೊಲೆ ಬಿಡದ ಕೂಸು. ಈಗ ಅವನು ಲಾರಿ ಓಡಿಸುತ್ತಾನೆ, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಅಷ್ಟೂ ಕಾಲ ನಮ್ಮತ್ತೆ ಸತ್ತವಳಾಗಿ ದುಡಿದಳು.

ಇದು ನಮ್ಮತ್ತೆ ಹೂಡಿದ ಆಟವಲ್ಲ. ಹೊಸಬರನ್ನು ತೆಗೆದುಕೊಳ್ಳಬಾರದು ಅಂತ ಮೇಲಿನಿಂದ ಆಜ್ಞೆ ಬಂದಿತ್ತು. ರೋಗಿಗಳು ರಕ್ತ ಸುರಿಸಬಾರದು ಅಂತ ಆಜ್ಞೆ ಬಂದಿರಲಿಲ್ಲ. ಬಟ್ಟೆ ರಾಶಿ ಬೀಳುತ್ತಲೇ ಇತ್ತು. ಯಾರಾದರೂ ಸತ್ತರೆ, ಕೆಲಸ ಬಿಟ್ಟು ಓಡಿಹೋದರೆ, ಅವರ ಜಾಗವೂ ಅವರ ಜೊತೆಗೇ ಮುಚ್ಚಿಹೋಗುತ್ತಿತ್ತು. ಜಾಗ ಮುಚ್ಚಬಾರದು ಅಂದರೆ ಸತ್ತವರು ಸಾಯಬಾರದು. ಇಷ್ಟು ದೊಡ್ಡ ತತ್ವವನ್ನು ಕಂಡುಹಿಡಿದದ್ದು ಆಡಳಿತ ಕಚೇರಿಯವರು.

ಆಮೇಲೆ ಕಂಪ್ಯೂಟರ್ ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಕೆಲಸದವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು. ಹೆಸರು, ನಂಬರು, ಹುಟ್ಟಿದ ದಿನ, ಹೀಗೆ ಕಾಲಂಗಳು. ಸಾಲಿನ ಕೊನೆಗೆ 'ಷರಾ' ಅಂತ ಒಂದು ಕಾಲಂ. ಏನು ಬೇಕಾದರೂ ಬರೆದುಕೊಳ್ಳುವ ಜಾಗ. ಹಳೇ ಆಪರೇಟರ್ ಗುಂಗುರಕ್ಕನ ಸಾಲನ್ನು ಹಾಗೇ ಜೀವಂತ ಬಿಟ್ಟು, ಷರಾ ಕಾಲಮ್ಮಿನಲ್ಲಿ ನಮ್ಮತ್ತೆಯ ಹೆಸರು ಟೈಪ್ ಮಾಡಿ ಮುಂದೆ 'ಬದಲಿ' ಅಂತ ಸೇರಿಸಿದ. ಹೀಗೆ ಶೆಡ್ಡಿನ ಅರ್ಧದಷ್ಟು ಹೆಂಗಸರು ಯಾರು ಯಾರದೋ ಸಾಲಿನ ಬಾಲದಲ್ಲಿ ಜೋತುಬಿದ್ದರು. ಸತ್ತವರಿಗೆ ನಿವೃತ್ತಿಯ ವಯಸ್ಸು ಬಂತೋ, ಆಪರೇಟರ್ ಹುಟ್ಟಿದ ದಿನವನ್ನು ತಿದ್ದಿ ಅವರನ್ನು ಪ್ರಾಯಕ್ಕೆ ಮರಳಿಸುತ್ತಿದ್ದ. ಸತ್ತವರಿಗೆ ವಯಸ್ಸಾಗೋದಿಲ್ಲ ಬಿಡ್ರಮ್ಮ ಅನ್ನುತ್ತಿದ್ದನಂತೆ. ಬದಲಿಗಳಿಗೆ ಆಗುತ್ತಿತ್ತು.

ಶೆಡ್ಡಿನಲ್ಲಿ ಎರಡೇ ಜಾತಿ. ಖಾಯಂನವರು, ಷರಾದವರು. ಖಾಯಂನವರಿಗೆ ಕೈಗವಸು. ಷರಾದವರಿಗೆ ಕೈ.

ಅತ್ತೆಯ ಕೈ ಬಗ್ಗೆ ಹೇಳಬೇಕು. ಬೆರಳಿನ ತುದಿಗಳು ಬಿಳಿಚಿಕೊಂಡು ನೀರಲ್ಲಿ ಬಿದ್ದ ಕಾಗದದ ಹಾಗಿದ್ದವು. ಉಗುರಿನ ಸಂದಿಗಳಲ್ಲಿ ಬಿರುಕು. ಬಿರುಕಿನಲ್ಲಿ ಸೋಡಾ. ಊಟಕ್ಕೆ ಕೂತಾಗ ಖಾರ ತಾಗಿದರೆ ಹಲ್ಲು ಕಚ್ಚುತ್ತಿದ್ದಳು. ಒದ್ದೆ ಬಟ್ಟೆಯ ಗಂಟು ಎತ್ತಿ ಎತ್ತಿ ಒಂದು ಭುಜ ಕೆಳಗೆ ಜಾರಿತ್ತು. ಹೆರಿಗೆ ವಾರ್ಡಿನ ಬಟ್ಟೆ ಯಾವುದು, ಆಪರೇಷನ್ ಕೋಣೆಯದು ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯುತ್ತಿತ್ತು. ಸುಟ್ಟಗಾಯದ ವಾರ್ಡಿನದು ಬಂದ ದಿನ ಅವಳು ಊಟ ಮಾಡುತ್ತಿರಲಿಲ್ಲ. ಚರ್ಮ ಅಂಟಿಕೊಂಡು ಬಂದಿರುತ್ತದೆ, ಯಂತ್ರಕ್ಕೆ ಅದು ಬಿಡುವುದಿಲ್ಲ, ಬೆರಳಿಂದಲೇ ಬಿಡಿಸಬೇಕು ಅಂತ ಒಮ್ಮೆ ಹೇಳಿದ್ದಳು. ಮತ್ತೆ ಕೇಳಬೇಡ ಅನ್ನುವ ಹಾಗೆ ಹೇಳಿದ್ದಳು.

ಇಂಥ ಕೈಯವಳನ್ನು ನಗಿಸುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ನಾನು ಕಾಲೇಜು ಓದಿದವಳು. ಓದಿದ್ದು ಅನ್ನಕ್ಕೆ ಬರಲಿಲ್ಲ, ಕಾಲೇಜಿನ ಕಟ್ಟೆಯ ಮೇಲೆ ಕಲಿತ ಅಣಕ ಮನೆಗೆ ಬಂತು. ಮೇಸ್ತ್ರಿಯ ಮೂಗು, ದೊಡ್ಡ ಡಾಕ್ಟರ ಗಂಟಲು, ನರ್ಸಮ್ಮನ "ಮುಟ್ಬೇಡ ಮುಟ್ಬೇಡ ಮುಟ್ಬೇಡ", ಒಣಗಿಸುವ ಯಂತ್ರ ಕೊನೆಗೆ ಬಿಡುವ ನಿಟ್ಟುಸಿರು, ಎಲ್ಲವನ್ನೂ ನಾನು ತೆಗೆಯಬಲ್ಲೆ. ಸಂಜೆ ಅತ್ತೆ ಕಾಲು ಚಾಚಿ ಕೂತು ಕೈಗೆ ಎಣ್ಣೆ ಹಚ್ಚಿಕೊಳ್ಳುವಾಗ ನಾನು ಅಡುಗೆಮನೆಯಿಂದ "ದಲವತ್ತೊಂದೂ" ಅಂತ ಎಳೆದರೆ ಸಾಕು, ಅವಳ ಬಾಯಿ ತನಗೇ ಗೊತ್ತಿಲ್ಲದೆ "ಬಂದೇ" ಅನ್ನುತ್ತಿತ್ತು. ಆಮೇಲೆ ನಾಚಿಕೆಗೆ ಬಯ್ಯುತ್ತಿದ್ದಳು.

"ಓದಿದ ಸೊಸೆ ಬರ್ತಾಳೆ ಅಂದ್ಕೊಂಡೆ, ಗಿಣಿ ಬಂತು. ಪಂಜರದ ಖರ್ಚೂ ನಂದೇ."

ಹಸಿರು ಅಕ್ಷರದ ಕಂಪ್ಯೂಟರ್ ಮುದಿಯಾಯಿತು. ಹಳೇ ಆಪರೇಟರ್ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು, ಅವನ ಹುಟ್ಟಿದ ದಿನವನ್ನು ತಿದ್ದುವವರು ಯಾರೂ ಇರಲಿಲ್ಲ. ಆ ಯಂತ್ರದ ಭಾಷೆ ಬಲ್ಲವರು ಉಳಿದಿಲ್ಲ, ಅದರೊಳಗಿನದನ್ನೆಲ್ಲ ಹೊಸ ಡೇಟಾಬೇಸಿಗೆ ಸಾಗಿಸುತ್ತೇವೆ ಅಂತ ಆಸ್ಪತ್ರೆಯವರು ಬೋರ್ಡು ಹಾಕಿದರು. ಇದಕ್ಕೆ ಮಾಹಿತಿಯ ವಲಸೆ ಅಂತ ಹೆಸರು. ನಮಗೆ ಗೊತ್ತಿದ್ದ ವಲಸೆಯಲ್ಲಿ ಜನ ಹೋಗುತ್ತಾರೆ, ಕಾಗದ ಹಿಂದೆ ಉಳಿಯುತ್ತದೆ. ಇದರಲ್ಲಿ ಕಾಗದ ಹೋಗುತ್ತದೆ, ಜನ ಹಿಂದೆ ಉಳಿಯುತ್ತಾರೆ. ಆದರೆ ಇದು ಆಗ ತಿಳಿಯಲಿಲ್ಲ. ಬೋರ್ಡಿನ ಕೊನೆಯ ಸಾಲು ಮಾತ್ರ ಶೆಡ್ಡಿನ ಒಳಗೆಲ್ಲ ಓಡಾಡಿತು: ಹೊಸದರಲ್ಲಿ ಯಾರ ಹೆಸರು ಇರುತ್ತದೋ ಅವರೆಲ್ಲ ಖಾಯಂ. ಮುದಿತನಕ್ಕೆ ಪಿಂಚಣಿ, ಕಾಯಿಲೆಗೆ ಇದೇ ಆಸ್ಪತ್ರೆಯಲ್ಲಿ ಹಾಸಿಗೆ.

ಹಾಗಾದರೆ ಮುಂದೆ ಎಂದಾದರೂ ನಾನು ಒಗೆದದ್ದರ ಮೇಲೆ ನಾನೇ ಮಲಗಬಹುದು ಅನ್ನು, ಇವತ್ತಿನಿಂದ ಸ್ವಲ್ಪ ಮನಸ್ಸಿಟ್ಟು ಒಗೆಯುತ್ತೇನೆ ಅಂದಳು ಅತ್ತೆ. ತಮಾಷೆಗೆ ಅಂದದ್ದು. ಆದರೆ ಆಮೇಲೆ ಕೇಳಿದಳು: ಅದರಲ್ಲಿ ನನ್ನ ಹೆಸರು ಬರ್ತದಾ, ಅವಳ ಹೆಸರು ಬರ್ತದಾ?

ಆ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲೇ ಸಿಗುವ ಹಾಗಾಯಿತು. ಆ ಮಾಹಿತಿ ಸಾಗಿಸುವ ಕೆಲಸಕ್ಕೆ ಓದು ಬರುವ ಹೆಂಗಸರು ಕೆಲವು ತಿಂಗಳ ಮಟ್ಟಿಗೆ ಬೇಕಾಗಿದ್ದರು. ನಾನು ಸೇರಿಕೊಂಡೆ. ಶೆಡ್ಡಿನ ಎದುರಿಗಿನ ಕಟ್ಟಡ, ಮೊದಲ ಮಹಡಿ, ತಣ್ಣನೆಯ ದೊಡ್ಡ ಕೋಣೆ. ಕಿಟಕಿಯಿಂದ ಕೆಳಗೆ ನೋಡಿದರೆ ಶೆಡ್ಡಿನ ತಗಡು, ಅದರ ಸಂದಿಯಿಂದ ಏಳುವ ಆವಿ. ನಮ್ಮ ಕೆಲಸಕ್ಕೆ ಮಾಹಿತಿ ಶುದ್ಧೀಕರಣ ಅಂತ ಹೆಸರು. ನೀನೂ ಒಗೆಯೋದೇ ಅನ್ನು, ಯಾವ ಸೋಪು ಹಾಕ್ತೀರಿ ಅಂತ ಅತ್ತೆ ಕೇಳಿದಳು.

ಅಲ್ಲಿ ನಮ್ಮ ಮೇಲಿದ್ದವರು ಟೈ ಸಾಹೇಬರು. ಹೊರಗಿನ ಕಂಪನಿಯವರು. ಕೆಟ್ಟ ಮನುಷ್ಯರಲ್ಲ, ಬೆಳಿಗ್ಗೆ ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದರು. ಪ್ರತಿ ಮಾತಿಗೂ ಮುಂಚೆ 'ಬೇಸಿಕಲಿ' ಅನ್ನುತ್ತಿದ್ದರು, ಅನ್ನುವಾಗ ಟೈ ಎಳೆದುಕೊಳ್ಳುತ್ತಿದ್ದರು, ಗಂಟೆ ಹೊಡೆಯುವವರ ಹಾಗೆ. ಹಳೆಯ ಸಾಲುಗಳು ಒಂದೊಂದಾಗಿ ನಮ್ಮ ಪರದೆಗೆ ಬರುತ್ತಿದ್ದವು. ಎಡಗಡೆ ಹಳೆಯದು, ಅದೇ ಹಸಿರು ಅಕ್ಷರದಲ್ಲಿ, ಬಲಗಡೆ ಹೊಸದು. ಹೆಸರು ಹೆಸರಿನ ಎದುರಿಗೆ, ನಂಬರು ನಂಬರಿನ ಎದುರಿಗೆ. ಸರಿಯಿದ್ದರೆ ಒತ್ತು, ಮುಂದಿನದು ಬರುತ್ತದೆ. ಎಡಗಡೆ ಷರಾ ಅಂತ ಇದ್ದ ಕಡೆ ಬಲಗಡೆ ಖಾಲಿ.

ಷರಾಗೆ ಹೊಸದರಲ್ಲಿ ಕಾಲಂ ಇರಲಿಲ್ಲ.

ನಾನು ಹೋಗಿ ಕೇಳಿದೆ. ಸಾಹೇಬರು ಟೈ ಎಳೆದುಕೊಂಡರು. "ಬೇಸಿಕಲಿ ಅದೆಲ್ಲ ಕಸ ಅಮ್ಮ. ಯಾರೋ ಏನೋ ಬರ್ಕೊಂಡಿರ್ತಾರೆ. ಮನೆ ಬದಲಾಯಿಸುವಾಗ ಹಳೇ ಪೊರಕೆ ಹೊತ್ಕೊಂಡು ಹೋಗ್ತೀವಾ?"

ಈ ಮಾತನ್ನು ಸಂಜೆ ಟೈ ಸಮೇತ ಅಣಕಿಸಿ ತೋರಿಸಿದೆ. ಅತ್ತೆ ನಗಲಿಲ್ಲ. ಪೊರಕೆ ಬಿಟ್ಟು ಹೋದರೆ ಹೊಸ ಮನೆಯಲ್ಲಿ ಗುಡಿಸುವವರು ಯಾರು ಕೇಳು ಅಂದಳು.

ಆ ಕಸವನ್ನು ನಾನು ಓದುತ್ತಾ ಹೋದೆ. ಹಳೇ ಆಪರೇಟರ್ ಷರಾ ಕಾಲಮ್ಮಿನಲ್ಲಿ ಬರೀ ಹೆಸರು ಬರೆದು ಬಿಟ್ಟಿರಲಿಲ್ಲ. 'ಗರ್ಭಿಣಿ, ಬಿಸಿನೀರಿನ ಕಡೆ ಹಾಕಬೇಡಿ.' 'ಕಣ್ಣು ಮಂಜು, ಮಡಿಚುವ ಕೆಲಸ ಕೊಡಿ.' 'ಮಗು ಹೋಯಿತು, ಹೆರಿಗೆ ವಾರ್ಡಿನ ಗಂಟು ಇವಳಿಗೆ ಬೇಡ.' ಆ ಮನುಷ್ಯ ಅಲ್ಲೊಂದು ಊರನ್ನೇ ಕಟ್ಟಿದ್ದ. ನಲವತ್ತೊಂದರ ಸಾಲೂ ಕಣ್ಣಿಗೆ ಬಿತ್ತು. ಅತ್ತೆಯ ಹೆಸರು, ಬದಲಿ, ಆಮೇಲೆ: 'ಯಂತ್ರಕ್ಕೆ ಹೆದರುತ್ತಾಳೆ, ಆದರೂ'. ಅಷ್ಟಕ್ಕೆ ಕಾಲಂ ಮುಗಿದುಹೋಗಿತ್ತು. ಮುಂದಿನ ಅಕ್ಷರಗಳಿಗೆ ಅಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಬೋರ್ಡು ಬಂತು. ನಿಮ್ಮ ಸಾಲಿನಲ್ಲಿ ತಪ್ಪಿದ್ದರೆ ಈ ವಾರದೊಳಗೆ ಬಂದು ತಿದ್ದಿಸಿಕೊಳ್ಳಿ, ನಿಜವಾದ ವಿವರ ಕೊಡಿ. ನನಗೆ ಇದೇ ದಾರಿ ಅನ್ನಿಸಿತು. ಷರಾದವರಿಗೆಲ್ಲ ಇದೇ ದಾರಿ ಅನ್ನಿಸಿತು. ಅಷ್ಟು ವರ್ಷ ಯಾರೂ ಕೇಳದ್ದನ್ನು ಈಗ ಬೋರ್ಡು ಹಾಕಿ ಕೇಳುತ್ತಿದ್ದಾರೆ. ಮೇಸ್ತ್ರಿ ಮಾತ್ರ ಬೇಡ ಅಂದ. ಇರೋದು ಹಾಗೇ ಇರಲಿ, ಕೆರೆದು ಹುಣ್ಣು ಮಾಡ್ಕೋಬೇಡಿ ಅಂದ. ಇವನ ಬುಡ ಅಲ್ಲಾಡುತ್ತದೆ, ಅದಕ್ಕೆ ಅಂತ ನಾವು ನಕ್ಕೆವು.

ಷರಾದವರೆಲ್ಲ ಒಂದೇ ದಿನ ಬಂದರು. ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ, ಬಾಚಿದ ತಲೆ. ಮಹಡಿಯ ಕೌಂಟರಿನ ಮುಂದೆ ಸಾಲಾಗಿ ನಿಂತರು. ಒಬ್ಬಳು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದಿದ್ದಳು, ಒಳಗಿನ ನೆಲ ಹೊಳೆಯುತ್ತಿತ್ತು ಅಂತ. ಕೌಂಟರಿನ ಹುಡುಗಿ ಒಬ್ಬೊಬ್ಬರನ್ನೇ ಕೇಳಿದಳು. ಈ ನಂಬರಿನವರು ನೀವೇನಾ? ಅಲ್ಲ, ಅವರು ಸತ್ತುಹೋಗಿದ್ದಾರೆ. ಹಾಗಾದರೆ ಕೆಲಸ ಮಾಡುತ್ತಿರುವವರು? ನಾನೇ. ಪ್ರತಿಯೊಬ್ಬಳೂ ಆ ನಾನೇ ಅನ್ನುವ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ತಿದ್ದುಪಡಿಯ ಕಾರಣ ಬರೆಯುವ ಹಾಗಿರಲಿಲ್ಲ. ಪಟ್ಟಿಯಲ್ಲಿ ಇದ್ದದ್ದರಲ್ಲಿ ಆರಿಸಬೇಕು. ಕಾಗುಣಿತ ತಪ್ಪು, ವಿಳಾಸ ಬದಲು, ಮರಣ, ಬೇರೆ ವ್ಯಕ್ತಿ. ಬದಲಿ ಅನ್ನುವುದು ಅದರಲ್ಲಿ ಇರಲಿಲ್ಲ. ಹುಡುಗಿ ಸ್ವಲ್ಪ ಯೋಚಿಸಿ 'ಮರಣ' ಆರಿಸಿದಳು, ಜೊತೆಗೆ 'ಬೇರೆ ವ್ಯಕ್ತಿ' ಆರಿಸಿದಳು. ಎರಡೂ ನಿಜವೇ. ಪರದೆಯ ಮೇಲೆ ಸಾಲು ಕೆಂಪಾಯಿತು. ತಿದ್ದುಪಡಿ ಆಗಿದೆ ಅನ್ನುವ ಗುರುತು ಅಂದುಕೊಂಡಳು ಅವಳು. ನಾವೂ ಅದನ್ನೇ ಅಂದುಕೊಂಡೆವು. ಅತ್ತೆಗೆ ಓದಲು ಬರುವುದಿಲ್ಲ. ಆದರೂ ಬಗ್ಗಿ, ತನ್ನ ಹೆಸರಿನ ಅಕ್ಷರಗಳು ಯಾವುವು ಅಂತ ಹುಡುಗಿಯ ಕೈಲಿ ಬೆರಳಿಟ್ಟು ತೋರಿಸಿಕೊಂಡಳು. ಕೆಂಪು ಬಣ್ಣದಲ್ಲಿ ಚೆನ್ನಾಗಿ ಕಾಣ್ತದೆ ಅಂದಳು.

ಆ ಸಂಜೆ ಅವಳು ಕೈಗೆ ಎಣ್ಣೆ ಹಚ್ಚುವುದನ್ನು ಮರೆತಳು. ನಾನು ಅಡುಗೆಮನೆಯಿಂದ ಮೇಸ್ತ್ರಿಯ ಮೂಗಿನಲ್ಲಿ ನಂಬರು ಕೂಗಿದರೆ, ನಲವತ್ತೊಂದು ಸತ್ತೋದ್ಲು ಕಣೆ, ಇನ್ಮೇಲೆ ಹೆಸರು ಹಿಡಿದು ಕರೀಬೇಕು ಅನ್ನು ಅವನಿಗೆ ಅಂತ ಕೂತಲ್ಲಿಂದಲೇ ಉತ್ತರ ಕೊಟ್ಟಳು.

ಮುಂದಿನ ವಾರ ಷರಾದವರನ್ನು ಒಬ್ಬೊಬ್ಬರನ್ನಾಗಿ ಮಹಡಿಗೆ ಕರೆದರು.

ಉದ್ದನೆಯ ಮೇಜು. ಆ ಕಡೆ ಆಡಳಿತಾಧಿಕಾರಿ, ಪಕ್ಕದಲ್ಲಿ ಟೈ ಸಾಹೇಬರು. ಮೂಲೆಯಲ್ಲಿ ಮೇಸ್ತ್ರಿ, ಕೈಕಟ್ಟಿಕೊಂಡು. ಈ ಕಡೆ ಕುರ್ಚಿ ಇರಲಿಲ್ಲ. ನನ್ನನ್ನೂ ಕರೆದರು. ಓದು ಬಾರದವರಿಗೆ ಹೇಳಿಕೆಯನ್ನು ಓದಿ ಹೇಳಲು ಗಂಟಲು ಚೆನ್ನಾಗಿರುವ ಒಬ್ಬಳು ಬೇಕಾಗಿತ್ತು. ಮೃತರ ಹೆಸರಿನಲ್ಲಿ ನಾನು ಮೋಸದಿಂದ ಹಾಜರಿ ಹಾಕಿ ಸಂಬಳ ಪಡೆದಿರುತ್ತೇನೆ, ಇದನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತೇನೆ, ಇಂದಿನಿಂದ ಕೆಲಸದ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ. ಕೆಳಗೆ ಹೆಬ್ಬೆಟ್ಟಿನ ಜಾಗ. ಒತ್ತಿದರೆ ಪೊಲೀಸರ ತನಕ ಹೋಗುವುದಿಲ್ಲ ಅಂತ ಅಧಿಕಾರಿ ಬಾಯಲ್ಲಿ ಹೇಳಿದರು. ಅದು ಮಾತ್ರ ಬರವಣಿಗೆಯಲ್ಲಿ ಇರಲಿಲ್ಲ.

ಎಲ್ಲರ ದನಿಯನ್ನೂ ತೆಗೆಯಬಲ್ಲ ನಾನು ಅಂದು ಯಾವ ದನಿಯಲ್ಲಿ ಓದಿದೆನೋ ಗೊತ್ತಿಲ್ಲ. ನನ್ನದಂತೂ ಆಗಿರಲಿಲ್ಲ.

ದಮ್ಮಿನ ಕಾಯಿಲೆಯ ಒಬ್ಬಳು ಒತ್ತಿದಳು. ಚಪ್ಪಲಿ ಹೊರಗೆ ಬಿಟ್ಟಿದ್ದವಳು ಈ ಸಲವೂ ಚಪ್ಪಲಿ ಬಿಟ್ಟು ಬಂದು, ಒತ್ತಿ, ಅಧಿಕಾರಿಗೆ ಕೈಮುಗಿದು ಹೋದಳು. ಒಬ್ಬಳು ಒತ್ತಿದ ಮೇಲೆ, ಹಾಗಾದ್ರೆ ನಾಳೆ ಎಷ್ಟೊತ್ತಿಗೆ ಬರಬೇಕು ಅಂತ ಕೇಳಿದಳು.

ನಮ್ಮತ್ತೆ ಬಂದಳು. ನನ್ನನ್ನು ನೋಡಿದಳು. ಪರಿಚಯ ತೋರಿಸಲಿಲ್ಲ, ನನ್ನ ಕೆಲಸ ಉಳಿಯಲಿ ಅಂತ. ನಾನು ಓದಿದೆ. ಕೊನೆಯವರೆಗೂ ಕೇಳಿದಳು. ಆಮೇಲೆ ಮೂಲೆಗೆ ತಿರುಗಿದಳು.

"ಮೇಸ್ತ್ರಿಗಳೇ, ಮೊದಲನೇ ದಿನ ನನ್ನ ಹೆಸರು ಕೇಳಿದ್ರಾ ನೀವು?"

ಮೇಸ್ತ್ರಿ ಗೋಡೆ ನೋಡಿದ. ಅವನ ಮೂಗು ಸೊರ್ ಅಂದಿತು. ಅಷ್ಟೇ ಅವನ ಸಾಕ್ಷಿ.

"ನಾನು ಅವಳ ಹೆಸರು ಕದೀಲಿಲ್ಲ ಸಾಮಿ. ಸತ್ತವಳದನ್ನ ಬಿಚ್ಚಿ ನನಗೆ ಉಡಿಸಿದೋರು ನೀವು. ಒಗೆದು ವಾಪಸ್ ಕೊಡ್ತೀನಿ, ತಗೊಳ್ಳಿ. ನಂದು ನನಗೆ ಕೊಡಿ."

ನಿಮ್ಮದು ಅನ್ನುವುದು ಸಿಸ್ಟಮ್ಮಿನಲ್ಲಿ ಇಲ್ಲವಲ್ಲಮ್ಮ ಅಂದರು ಅಧಿಕಾರಿ. ಹಾಗಾದರೆ ಇಷ್ಟು ವರ್ಷ ಒಗೆದದ್ದು ಯಾರು ಅಂತ ಅತ್ತೆ ಕೇಳಿದಳು. ಟೈ ಸಾಹೇಬರು ಮೆಲ್ಲಗೆ, ಬೇಸರದಿಂದಲೇ ಹೇಳಿದರು.

"ಬೇಸಿಕಲಿ, ರೆಕಾರ್ಡ್ ಪ್ರಕಾರ ಅಲ್ಲಿ ಯಾರೂ ಇರಲಿಲ್ಲ."

ಅತ್ತೆ ಸ್ವಲ್ಪ ಹೊತ್ತು ಅವರ ಟೈಯನ್ನೇ ನೋಡಿದಳು. ಕಲೆ ಎಲ್ಲಿದೆ ಅಂತ ಹುಡುಕುವವಳ ಹಾಗೆ.

"ಇಲ್ಲದೋಳು ಮೋಸ ಹೆಂಗೆ ಮಾಡಿದ್ಲು? ಇಲ್ಲದೋಳ ಹೆಬ್ಬೆಟ್ಟು ನಿಮಗ್ಯಾಕೆ ಬೇಕು?"

ಮೇಸ್ತ್ರಿ ಹತ್ತಿರ ಬಂದು, ಒತ್ತಿಬಿಡು ತಾಯಿ, ಸುಮ್ಮನೆ ಯಾಕೆ ಅಂತ ಶಾಯಿಯ ಡಬ್ಬಿಯನ್ನು ಅವಳ ಕಡೆ ಸರಿಸಿದ. ಅಷ್ಟು ವರ್ಷದಲ್ಲಿ ನಂಬರು ಬಿಟ್ಟು ಬೇರೆ ಮಾತಿನಿಂದ ಅವಳನ್ನು ಕರೆದದ್ದು ಅದೇ ಮೊದಲು. ಅತ್ತೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಅದರ ಮೇಲೆ ನಾಲ್ಕು ಬೆರಳನ್ನೂ ಮುಚ್ಚಿದಳು. ಬಿರುಕುಗಳು ಬಾಯಿ ಬಿಟ್ಟವು. ಬೆರಳ ಸಂದಿಯಲ್ಲಿ ಒಂದು ಹನಿ ರಕ್ತ ಕಂಡಿತು.

"ಒತ್ತಲ್ಲ."

ನಾನು ಕಾಯುತ್ತಿದ್ದೆ. ಇನ್ನೇನೋ ಆಗುತ್ತದೆ, ಅಧಿಕಾರಿ ಕೂಗಾಡುತ್ತಾರೆ, ಬಾಗಿಲು ಬಡಿಯುತ್ತದೆ, ಕೆಳಗಿನಿಂದ ಹೆಂಗಸರು ಓಡಿ ಬರುತ್ತಾರೆ ಅಂತ. ಆದರೆ ಅಧಿಕಾರಿ ಟೈ ಸಾಹೇಬರ ಕಡೆ ತಿರುಗಿ, ಸಹಿ ಇಲ್ಲದಿದ್ದರೆ ತೊಂದರೆಯೇ ಅಂತ ಕೇಳಿದರು. ಏನಿಲ್ಲ ಸಾರ್, ಸಹಿ ಮಾಡಿದರೂ ಮಾಡದಿದ್ದರೂ ಸಾಲು ಮುಚ್ಚಿಕೊಳ್ಳುತ್ತದೆ ಅಂದರು ಸಾಹೇಬರು. ಸರಿ ಹಾಗಾದರೆ, ನೀವು ಹೋಗಬಹುದಮ್ಮ ಅಂದರು ಅಧಿಕಾರಿ. ಗೌರವವಾಗಿಯೇ ಅಂದರು. ಮುಂದಿನವರನ್ನು ಕರೆಯಿರಿ ಅಂದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ. ಅತ್ತೆಗೆ ಕಾಲಂ ಇರಲಿಲ್ಲ. ಅವಳು ಒಲ್ಲೆ ಅಂದದ್ದಕ್ಕೂ ಇರಲಿಲ್ಲ.

ಅವಳು ಮುಷ್ಟಿ ಬಿಚ್ಚದೆ ಮೆಟ್ಟಿಲಿಳಿದು ಹೋದಳು. ನಾನ್ಯಾಕೆ ಅವಳ ಹಿಂದೆ ಹೋಗಲಿಲ್ಲ ಅಂದರೆ ಕೈಯಲ್ಲಿ ಮುಂದಿನವಳ ಹೇಳಿಕೆ ಇತ್ತು. ಓದಿದೆ. ಅದರ ಮುಂದಿನದನ್ನೂ ಓದಿದೆ.

ಓದಿ ಮುಗಿದ ಮೇಲೆ ನನ್ನ ಕುರ್ಚಿಗೆ ಬಂದು ಕೂತೆ. ಮಧ್ಯಾಹ್ನದ ಹೊತ್ತಿಗೆ ಕೆಂಪು ಸಾಲುಗಳು ನಮ್ಮ ಪರದೆಗೆ ಬರತೊಡಗಿದವು. ಎಲ್ಲದಕ್ಕೂ ಒಂದೇ ಗುಂಡಿ, ಮುಚ್ಚು. ಮೂರನೆಯದೋ ನಾಲ್ಕನೆಯದೋ ನಲವತ್ತೊಂದು. ಎಡಗಡೆ ಗುಂಗುರಕ್ಕನ ಹೆಸರು, ತಿದ್ದಿ ತಿದ್ದಿ ಪ್ರಾಯವಾಗಿ ಉಳಿದ ಅವಳ ಹುಟ್ಟಿದ ದಿನ, ಕೊನೆಗೆ ಅತ್ತೆಯ ಹೆಸರು. 'ಯಂತ್ರಕ್ಕೆ ಹೆದರುತ್ತಾಳೆ, ಆದರೂ'. ಬಲಗಡೆ ಬಿಳಿ. ಕೆಳಗೆ ಶೆಡ್ಡಿನಿಂದ ಹೊರಗೆ ಹೋಗುವ ಬಟ್ಟೆಯಷ್ಟೇ ಬಿಳಿ.

ನಾನು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಪಕ್ಕದ ಕುರ್ಚಿಯವಳು ನೋಡಿದಳು. ಗಂಡ ಬಿಟ್ಟವಳು, ಎರಡು ಮಕ್ಕಳಿದ್ದವು, ಡಬ್ಬಿಯ ಊಟದಲ್ಲಿ ನನಗೂ ಪಾಲು ಕೊಡುತ್ತಿದ್ದಳು. ಯಾಕೆ ಅಂತ ಕೇಳಿದಳು. ಒತ್ತಲ್ಲ ಅಂದೆ. ನಮ್ಮತ್ತೆಯದೇ ಮಾತು, ನಮ್ಮತ್ತೆಯದೇ ದನಿ. ಅಣಕಿಸಬೇಕು ಅಂತ ಇರಲಿಲ್ಲ, ಹಾಗೆ ಬಂತು.

"ನೀನು ಒತ್ತದೆ ಕೂತ್ರೆ ಅದು ನನ್ನ ಹತ್ರ ಬರ್ತದೆ ಕಣೆ," ಅಂದಳು. ಬೇಡಿಕೊಳ್ಳುವ ಹಾಗೆ.

ಆ ವ್ಯವಸ್ಥೆ ಮಾಡಿದ್ದೇ ಹಾಗೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಸಾಲು ತಾನೇ ಪಕ್ಕದವರ ಪರದೆಗೆ ಜರುಗುತ್ತಿತ್ತು, ಕೆಲಸ ನಿಲ್ಲಬಾರದು ಅಂತ. ನಾನು ಎದ್ದು ಸಾಹೇಬರ ಹತ್ತಿರ ಹೋದೆ. ಅವಳು ನನ್ನ ಗಂಡನ ತಾಯಿ ಅಂದೆ. ಷರಾ ಕಸವಲ್ಲ, ಅದರೊಳಗೆ ಜನ ಇದ್ದಾರೆ ಅಂದೆ. ಹಿಂದೆ ಇದೇ ಕಚೇರಿಯವರೇ ಅವರನ್ನು ಅಲ್ಲಿ ಇಟ್ಟದ್ದು ಅಂದೆ. ಅವರು ಪೂರ್ತಿ ಕೇಳಿದರು. ಮುಖ ಸಪ್ಪಗೆ ಮಾಡಿಕೊಂಡು, ತುಂಬಾ ಬೇಜಾರಿನ ವಿಷಯ ಅಂದರು. ಮೊದಲೇ ಹೇಳಿದ್ದರೆ ಆ ಸಾಲನ್ನು ನಿಮಗೆ ಕೊಡುತ್ತಿರಲಿಲ್ಲ, ಬೇರೆಯವರಿಗೆ ಕೊಡುತ್ತಿದ್ದೆ ಅಂದರು.

ತಿರುಗಿ ಬರುವಷ್ಟರಲ್ಲಿ ನನ್ನ ಪರದೆಯಲ್ಲಿ ಬೇರೆ ಯಾರದೋ ಸಾಲು ಇತ್ತು. ಪಕ್ಕದವಳು ತಲೆ ಎತ್ತಲಿಲ್ಲ. ಬೈಕೋಬೇಡ ಅಂದಳು. ನಾನು ಬೈಯಲಿಲ್ಲ. ನನ್ನ ಡಬ್ಬಿ ತೆಗೆದುಕೊಂಡು ಹೊರಟೆ. ತಡೆಯುವವರಿರಲಿಲ್ಲ. ನನ್ನ ಕುರ್ಚಿಗೆ ಆಗಲೇ ಇನ್ನೊಬ್ಬಳು ಬಂದು ಕೂತದ್ದನ್ನು ಬಾಗಿಲಿನ ಗಾಜಿನಲ್ಲಿ ನೋಡಿದೆ.

ಮರುದಿನ ಬೆಳಿಗ್ಗೆ ಅತ್ತೆ ಎಂದಿನ ಹಾಗೆ ಎದ್ದು, ತಲೆ ಕಟ್ಟಿಕೊಂಡು, ಶೆಡ್ಡಿಗೆ ಹೋದಳು. ನಾನೂ ಹಿಂದೆ ಹೋದೆ. ಕೊಳೆ ಬಾಗಿಲಲ್ಲಿ ಗೋಡೆಗೆ ಒಂದು ಹೊಸ ಡಬ್ಬಿ ಹಾಕಿದ್ದರು. ಬೆರಳಿಟ್ಟರೆ ಪೀಪ್ ಅನ್ನುತ್ತಿತ್ತು. ಖಾಯಂನವರು ಒಬ್ಬೊಬ್ಬರಾಗಿ ಬೆರಳಿಟ್ಟು, ನಮ್ಮ ಕಡೆ ನೋಡದೆ ಒಳಗೆ ಹೋದರು. ಅವರ ಹಿಂದೆ ಹೊಸ ಮುಖದ ಕೆಲವು ಹೆಂಗಸರು. ಯಾವುದೋ ಗುತ್ತಿಗೆಯವನು ವ್ಯಾನಿನಲ್ಲಿ ತುಂಬಿಸಿ ತಂದವರು. ಅವರ ಬೆರಳಿಗೂ ಡಬ್ಬಿ ಪೀಪ್ ಅಂದಿತು. ಅವರ ಕೈಗೂ ಕೈಗವಸು ಇರಲಿಲ್ಲ.

ಮೇಸ್ತ್ರಿ ಅಲ್ಲೇ ನಿಂತಿದ್ದ, ಕೂಗಲು ಏನೂ ಇಲ್ಲದೆ. ಅತ್ತೆ ಅವನ ಎದುರಿಗೆ ನಿಂತು ಕಾದಳು. ಅವನು ಒಂದು ಸಲ ಬಾಯಿ ತೆರೆದ. ಮುಚ್ಚಿಕೊಂಡ. ಆಮೇಲೆ ಒಳಗಿನವರು ಬಾಗಿಲು ಎಳೆದುಕೊಂಡರು. ಒಳಗೆ ಹಿಂಡುವ ಯಂತ್ರ ಶುರುವಾದ ಸದ್ದು ಕೇಳಿತು. ಅತ್ತೆಯ ಭುಜ, ಆ ಜಾರಿದ ಭುಜ, ಆ ಸದ್ದಿಗೆ ಸರಿಯಾಗಿ ಒಂದು ಸಲ ಮೇಲೆ ಕೆಳಗೆ ಆಯಿತು.

ಮನೆಗೆ ಬಂದವಳು ಹಗ್ಗದ ಮೇಲಿದ್ದ ಒಣಗಿದ ಬಟ್ಟೆಯನ್ನೆಲ್ಲ ಎಳೆದು ಬಕೆಟ್ಟಿಗೆ ಹಾಕಿದಳು. ಪೆಟ್ಟಿಗೆಯಲ್ಲಿ ಮಡಿಚಿಟ್ಟದ್ದನ್ನೂ ತಂದು ಹಾಕಿದಳು. ಹಿತ್ತಿಲ ಕಲ್ಲಿನ ಮೇಲೆ ಕೂತು ಒಗೆಯತೊಡಗಿದಳು. ಒಗೆದ ಬಟ್ಟೆ ಕೊಳೆಯಿಲ್ಲದ ನೀರನ್ನೇ ಬಿಡುತ್ತಿತ್ತು. ನಾನು ಹೊಸ್ತಿಲ ಮೇಲೆ ಕೂತೆ. ನಗಿಸಬೇಕು ಅನ್ನಿಸಿತು. ಟೈ ಸಾಹೇಬರು, ಅಧಿಕಾರಿ, ಪೀಪ್ ಅನ್ನುವ ಡಬ್ಬಿ, ಎಲ್ಲ ಗಂಟಲ ತನಕ ಬಂದು ನಿಂತವು. ಯಾವುದೂ ಹೊರಗೆ ಬರಲಿಲ್ಲ.

ಅತ್ತೆಯೇ ತಲೆ ಎತ್ತದೆ ಕೇಳಿದಳು. "ಅವನ ಥರ ಕೂಗು."

"ದಲವತ್ತೊಂದೂ" ಅಂದೆ. ನನ್ನ ಮೂಗು ನಿಜವಾಗಿಯೂ ಕಟ್ಟಿಕೊಂಡಿತ್ತು.

ಅದಲ್ಲ ಅಂದಳು. "ನನ್ನ ಹೆಸರು ಕೂಗು. ಅವನ ದನೀಲಿ."

ಅತ್ತೆಯ ಹೆಸರು ನನ್ನ ಬಾಯಿಗೆ ಎಂದೂ ಬಂದಿರಲಿಲ್ಲ. ಯಾವ ಸೊಸೆಯೂ ಅತ್ತೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಗಂಡನೂ ಅಮ್ಮ ಅನ್ನುತ್ತಾನೆ. ಬೀದಿಯವರು ಲಾರಿಯವನ ತಾಯಿ ಅನ್ನುತ್ತಾರೆ. ಆ ಹೆಸರನ್ನು ನಾನು ಹಸಿರು ಅಕ್ಷರದಲ್ಲಿ ಓದಿದ್ದೆ, ಆಮೇಲೆ ಕೆಂಪಿನಲ್ಲಿ ನೋಡಿದ್ದೆ. ಕೂಗಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಮೇಸ್ತ್ರಿಯ ಮೂಗಿನಲ್ಲಿ, ಕೊನೆಯ ಅಕ್ಷರವನ್ನು ಅವನು ಎಳೆಯುವಷ್ಟೇ ಎಳೆದು ಕೂಗಿದೆ.

ಅತ್ತೆ ಬಟ್ಟೆ ಹಿಂಡುತ್ತಲೇ ಇದ್ದಳು. ಯಾರೋ ಯಾರನ್ನೋ ಕರೆದರು ಅನ್ನುವ ಹಾಗೆ ಒಂದು ಸಲ ಬಾಗಿಲ ಕಡೆ ನೋಡಿದಳು. ಆಮೇಲೆ ಅವಳ ಕೈ ನಿಂತಿತು. ಬಾಯಿ ಸ್ವಲ್ಪ ತೆರೆಯಿತು. ಬಂದೇ ಅನ್ನುವುದು ಬರಲಿಲ್ಲ. ಹಿಂಡಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇನ್ನೊಂದ್ಸಲ ಕೂಗು," ಅಂದಳು. "ಅಭ್ಯಾಸ ಇಲ್ಲ."